ಗಿರಣಿ ನಿಲ್ಲಬಾರದ ಬುಧವಾರ

ಗಿರಿಜವ್ವನ ಹೊಟ್ಟೆಗೆ ಬಿದ್ದ ಮಾತೆಂದರೆ ಹಾಳುಬಾವಿಗೆ ಬಿದ್ದ ಬಿಂದಿಗೆ. ಮೇಲೆ ಬಂದ ಉದಾಹರಣೆಯೇ ಇಲ್ಲ! ಹಾಗೆಂದು ಹೇಳಿದವರು ಊರವರಲ್ಲ, ಸ್ವತಃ ಗಿರಿಜವ್ವ.

ಬನವಾಸಿ ರಸ್ತೆಯ ಆ ಊರಿಗೆ ಇರುವುದೊಂದೇ ಹಿಟ್ಟಿನ ಗಿರಣಿ. ಅದರ ಒಡತಿ ಆಕೆ. ಶಾಲೆಗೆ ಮೂರನೇ ಇಯತ್ತೆಯಲ್ಲೇ ಶರಣು ಹೊಡೆದವಳು. ಆದರೆ ಗಿರಣಿಯ ಬಾಯಿಗೆ ಕಾಳು ಸುರಿಯುತ್ತ ಸುರಿಯುತ್ತ ಆಕೆ ಕಲಿತ ವಿದ್ಯೆಯೇ ಬೇರೆ. ಮೋಟಾರು ಶುರುವಾಯಿತೆಂದರೆ ಅಲ್ಲಿ ಕಿವಿಗೆ ಕೆಲಸವಿಲ್ಲ. ಆಚೆ ಗೋಡೆಗೆ ಆತು ನಿಂತವರ ತುಟಿ ಅಲ್ಲಾಡಿದರೆ ಸಾಕು, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಎಮ್ಮೆ ಗಬ್ಬ ನಿಂತಿತು ಎಂಬುದೆಲ್ಲ ಗಿರಿಜವ್ವನಿಗೆ ಕಣ್ಣಿನಿಂದಲೇ ಕೇಳಿಸುತ್ತಿತ್ತು. ಕೇಳಿಸಿಕೊಳ್ಳುವಳು, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುವಳು, ಸುಮ್ಮನಾಗುವಳು.

ಅಂಥ ಗಿರಿಜವ್ವ ಒಂದು ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಮುಂದೆ ಶಪಥ ಮಾಡಿದಳು.

"ನೋಡ್ರಿ, ನಿಮ್ಮ ಎದಿ ಬಡಿತ ನಾ ನಿಲ್ಲಸ್ತೀನಿ!"

"ಪೂರಾ ನಿಲ್ಲಸಬ್ಯಾಡವಾ," ಅಂದ ಚಂದ್ರಶೇಖರಪ್ಪ ಸಣ್ಣ ದನಿಯಲ್ಲಿ.

ಈ ಸಣ್ಣ ದನಿ ಊರಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿದ್ದದ್ದು ಹುಲಿ ಚಂದ್ರಶೇಖರಪ್ಪ. ಪಂಚಾಯ್ತಿ ಆಫೀಸಿಗೆ ನಾಗರಹಾವು ಹೊಕ್ಕು, ಅಧ್ಯಕ್ಷರಿಂದ ಹಿಡಿದು ಜವಾನನವರೆಗೆ ಎಲ್ಲರೂ ಒಂದೇ ಮೇಜಿನ ಮೇಲೆ ಸಮಾನತೆಯಿಂದ ನಿಂತಿದ್ದಾಗ, ಹಿಟ್ಟಿನ ಚೀಲ ಹಿಡಿದು ಒಳಗೆ ಹೋಗಿ ಹಾವಿನ ಸಮೇತ ಹೊರಬಂದ ಮಹಾಪುರುಷ! ಅಂಥ ಹುಲಿಯನ್ನು ಹೋದ ಚಳಿಗಾಲದಲ್ಲಿ ಒಂದು ಬಸ್ಸು ಹಿಡಿದು ತಿಂದಿತ್ತು.

ಮಗಳು ಗಂಗಾಂಬಿಕಾಳನ್ನು ಕೊಟ್ಟದ್ದು ಯಲ್ಲಾಪುರದ ಆಚೆ ನಂದೊಳ್ಳಿಗೆ. ಆಕೆ ಎರಡನೇ ಸಲ ಬಸುರಿ. ಹೆರಿಗೆ ಸುಸೂತ್ರವಾಗಲೆಂದು ಚಂದಗುಳಿಯ ಗಣಪನಿಗೆ ಗಂಟೆ ಕಟ್ಟಲು ಗಂಡಹೆಂಡಿರು ಹೊರಟಿದ್ದರು. ಸಿರಸಿ ದಾಟಿತು. ಮಂಚಿಕೇರಿಗೆ ಇನ್ನಷ್ಟು ದೂರ ಇರುವಾಗ ಒಂದು ತಿರುವಿನಲ್ಲಿ ಚಂದ್ರಶೇಖರಪ್ಪನ ಉಸಿರು ಗಂಟಲಲ್ಲೇ ನಿಂತಿತು. ಅಂಗೈ ಬೆವತಿತು, ಬೆರಳು ಜೋಮು ಹಿಡಿಯಿತು, ಎದೆಯೊಳಗೆ ಯಾರೋ ಒನಕೆ ಹಾಕಿ ಕುಟ್ಟಿದಂತಾಯಿತು. ತೊಡೆಯ ಮೇಲಿನ ಚೀಲದೊಳಗೆ ಹರಕೆಯ ಗಂಟೆ ಕಿಣಿಕಿಣಿ ಅನ್ನತೊಡಗಿತು. "ಸತ್ನ್ಯೋ! ಇಳಸ್ರಿ!" ಎಂದು ಬಸ್ಸು ನಿಲ್ಲಿಸಿ ಕೆಳಗಿಳಿದ. ರಸ್ತೆಯ ಬದಿಗೆ ಕೂತ ಸ್ವಲ್ಪ ಹೊತ್ತಿಗೆ ಎಲ್ಲ ಸರಿ! ಬಸ್ಸು ಮಾತ್ರ ಹೋಗಿತ್ತು.

ಊರಲ್ಲಿ ಕೇಳಿದವರಿಗೆ ಗಿರಿಜವ್ವನೇ ಉತ್ತರ ಕೊಟ್ಟಳು. "ಗಿರಣಿ ಮೋಟಾರ್ ಬಂದ್ ಮಾಡೂದು ಮರ್ತಿದ್ರು, ತಿರುಗಿ ಬಂದ್ವಿ."

ಅಂದಿನಿಂದ ಬಸ್ಸಾಗಲಿ ಕಾರಾಗಲಿ, ಬಾಗಿಲು ಧಡ್ ಎಂದರೆ ಹುಲಿಯ ಬಣ್ಣ ಇಳಿಯುತ್ತಿತ್ತು. ಸ್ಕೂಟರೊಂದೇ ಗತಿ. ಅದೋ, ಸಿರಸಿ ಮುಟ್ಟುವಷ್ಟರಲ್ಲೇ ಕ್ಷಯ ಬಂದವರಂತೆ ಕೆಮ್ಮುತ್ತಿತ್ತು. ಮೊಮ್ಮಗಳು ಹುಟ್ಟಿದಳು. ಅಜ್ಜ ಹೋಗಲಿಲ್ಲ. ಗಂಗಾಂಬಿಕಾ ವಿಡಿಯೋ ಕಾಲ್‌ನಲ್ಲಿ ಕೂಸಿನ ಮುಖ ತೋರಿಸಿ, "ಯಾವಾಗ ಬರ್ತಿ ಅಪ್ಪಾ?" ಅಂದಾಗೆಲ್ಲ ಆತನ ಬಾಯಿ ಕಟ್ಟುವುದು. ಪಕ್ಕದಲ್ಲೇ ಕೂತ ಗಿರಿಜವ್ವ ದನಿ ತೆಗೆಯದೆ, ಬರಿಯ ತುಟಿಯಲ್ಲಿ ಗಂಡನಿಗೆ ನೆಪ ಹೇಳಿಕೊಡುವಳು. ಆತ ಅದನ್ನು ನೋಡಿ ಒಪ್ಪಿಸುವ. "ಮೋಟಾರ್ ಕೆಟ್ಟೈತಿ ತಂಗಿ."

"ಆತಪ್ಪಾ," ಅಂದಳು ಗಂಗಾಂಬಿಕಾ ಕಡೆಯ ಸಲ. "ತೊಟ್ಟಲಕ್ಕ ಹಾಕೂದು ಗುರುವಾರ ಇಟ್ಟೇವಿ, ಇನ್ನೂ ತಿಂಗಳ ಮ್ಯಾಲೈತಿ. ಅಜ್ಜನ ಕೈ ತೊಟ್ಟಲಾ ತೂಗಿದಮ್ಯಾಲೇ ಹೆಸರಿಡೂದು. ನೀ ಬರಲಿಲ್ಲಂದ್ರ ಇಡೂದೇ ಇಲ್ಲ, ಕೂಸ ಹಂಗೇ ಇರ್ಲಿ!"

ಹೆಸರಿಲ್ಲದ ಕೂಸು! ಅಂದು ರಾತ್ರಿ ಚಂದ್ರಶೇಖರಪ್ಪ ರೊಟ್ಟಿ ಮುಟ್ಟಲಿಲ್ಲ. ಮರುದಿನವೇ ಗಿರಿಜವ್ವನ ಶಪಥ.

ಸಿರಸಿಯ ಡಾಕ್ಟರು ಎದೆಗೆ ತಂತಿ ಅಂಟಿಸಿ ಪಟ್ಟಿ ತೆಗೆದು ನೋಡಿದರು. "ಹೃದಯ ಎತ್ತಿನಂಗೆ ಗಟ್ಟಿ ಇದೆ. ಇದು ಆತಂಕದ ಕಾಯಿಲೆ. ಮಾತಿನ ಚಿಕಿತ್ಸೆ ಬೇಕು. ವಾರವಾರ ಹುಬ್ಬಳ್ಳಿಗೆ ಹೋಗಿ ಬರಬೇಕು."

"ಹೆಂಗ ಹೋಗೂದ್ರಿ?"

"ಬಸ್ಸಿನಲ್ಲಿ."

"ಡಾಕ್ಟರೇ," ಅಂದಳು ಗಿರಿಜವ್ವ, "ಬಾವ್ಯಾಗ ಬಿದ್ದಾವಗ, ಮ್ಯಾಲೆ ಬಾ ಹಗ್ಗಾ ಕೊಡ್ತೀನಿ ಅಂದಂಗಾತು!"

ಡಾಕ್ಟರು ನಕ್ಕು, ಹಾಗಾದರೆ ಆನ್‌ಲೈನ್ ನೋಡಿ ಎಂದು ಒಂದು ನಂಬರು ಕೊಟ್ಟರು. ರಕ್ಷಿತಾ ಎಂಬ ಮೇಡಂ. ಮೂಲ ಸಿದ್ದಾಪುರದ ಕೋಲಸಿರ್ಸಿ, ಈಗ ಇರುವುದು ಮೈಸೂರಿನಲ್ಲಿ. ಓದಿ ಪಾಸಾದವರು, ಸುಮ್ಮನೆ ಫೋನಿನಲ್ಲಿ ಉಪದೇಶ ಮಾಡುವವರಲ್ಲ. ವಾರಕ್ಕೊಮ್ಮೆ ಮುಖ ನೋಡಿಕೊಂಡೇ ಮಾತು. ಇದರಿಂದ ಗುಣ ಕಾಣದಿದ್ದರೆ ಮುಂದೆ ಹೇಗಾದರೂ ಮಾಡಿ ಹುಬ್ಬಳ್ಳಿಯೇ ಸೈ, ಅಂದರು.

ಮನೆಗೆ ಬಂದು ಚಂದ್ರಶೇಖರಪ್ಪ ಗುಟುರು ಹಾಕಿದ. "ಫೋನಿನ್ಯಾಗ ಔಷಧ ಬರತೈತೇನು? ಹುಚ್ಚಿ!"

"ಫೋನಿನ್ಯಾಗ ಯಾರರ ಬೈದ್ರ ನಿಮಗ ಸಿಟ್ಟು ಬರತೈತೋ ಇಲ್ಲೋ?"

"ಬರತೈತಿ."

"ಸಿಟ್ಟು ಬರೂ ದಾರ್‍ಯಾಗ ಸಮಾಧಾನ ಬರಂಗಿಲ್ಲೇನು?"

ಹುಲಿ ಉಗುರು ಒಳಗೆಳೆದುಕೊಂಡಿತು. "ಆತು. ಆದ್ರ ಊರಾಗ ಒಬ್ಬರಿಗೆ ಗೊತ್ತಾಗಲಿ, ಅವತ್ತ ಗಿರಣಿಗೆ ಕೀಲಿ. ಮತ್ತ ತೆಗ್ಯಂಗಿಲ್ಲ. ಹಾವು ಹಿಡ್ಯಾಂವ ಬಸ್ಸಿಗೆ ಹೆದರ್ತಾನ ಅಂತ ಹುಡುಗ್ರು ಬೆನ್ನ ಹಿಂದ ಹಾರ್ನ್ ಹೊಡೀಬೇಕೇನು?"

"ಗಿರಿಜವ್ವನ ಬಾಯಿಂದ ಮಾತು ಹೊರಗ ಬಿದ್ದದ್ದು ಕೇಳೀರೇನು?"

ಮೊದಲ ಬುಧವಾರ ಹನ್ನೊಂದು ಗಂಟೆ. ಚಂದ್ರಶೇಖರಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು ಪರೀಕ್ಷೆಗೆ ಕೂತ ಹುಡುಗನಂತೆ ಫೋನಿನ ಮುಂದೆ ಕೂತ. ಗಿರಿಜವ್ವ ಮೇಡಂ ಕಳಿಸಿದ್ದ ಲಿಂಕಿನ ನೀಲಿ ಅಕ್ಷರ ಒತ್ತಿದಳು. ಮೇಡಂ ಮುಖ ಬಂತು. ಮಾತು ಹೊರಗೆ ಹೋಗಬಾರದಲ್ಲ? ಎದ್ದು ಹೋಗಿ ಮುಂಬಾಗಿಲು ಹಾಕಿ ಚಿಲಕ ಇಕ್ಕಿದಳು. ಅಲ್ಲಿಗೆ ಕೆಟ್ಟಿತು!

ಆ ಊರಲ್ಲಿ ಹಗಲು ಹೊತ್ತು ಮುಂಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಹಾಕಿದ್ದಾರೆಂದರೆ ಒಂದೋ ಹೆಣ ಬಿದ್ದಿದೆ, ಇಲ್ಲ ಅಣ್ಣತಮ್ಮಂದಿರ ಪಾಲು ನಡೆದಿದೆ. ಮೇಡಂ ಇನ್ನೂ "ನಮಸ್ಕಾರ, ನಿಮಗೆ ಎಂತ ತೊಂದರೆ ಆಗ್ತಿದೆ?" ಅನ್ನುವಷ್ಟರಲ್ಲಿ ಬಾಗಿಲು ಧಬಧಬ! ಎದುರು ಮನೆಯ ಸಿದ್ದವ್ವ, ಆಕೆಯ ಹಿಂದೆ ಪಕ್ಕದ ಮನೆಯ ಶಂಭುಲಿಂಗ, ಶಂಭುಲಿಂಗನ ಹಿಂದೆ ಅರ್ಧ ಓಣಿ.

"ಗಿರಿಜಾ! ಯಾರಿಗೇನಾತ ಯವ್ವಾ? ಬಾಗಲಾ ಯಾಕ ಹಾಕೀರಿ?"

"ಬೆಕ್ಕು!" ಅಂದಳು ಗಿರಿಜವ್ವ. "ಬೆಕ್ಕು ಹಾಲ ಕುಡ್ಯಾಕ ಬರ್ತೈತಿ."

"ಅಷ್ಟ ಹೌದಿಲ್ಲೋ? ನಾ ಅಪ್ಪಾರಿಗೇ ಏನರ ಆತೋ ಅಂತ ಎದಿ ಒಡಕೊಂಡು ಬಂದೆ," ಎನ್ನುತ್ತ ಸಿದ್ದವ್ವ ಒಳಗೇ ಬಂದು ಕೂತಳು. ಚಂದ್ರಶೇಖರಪ್ಪ ಫೋನನ್ನು ತೊಡೆಯ ಕೆಳಗೆ ಹಾಕಿ ಮೇಡಂ ಮೇಲೆಯೇ ಕೂತುಬಿಟ್ಟಿದ್ದ.

ಮನೆಯಲ್ಲಿ ಆಗದು, ಕೊಟ್ಟಿಗೆಯಲ್ಲಿ ಸಿಗ್ನಲ್ಲಿಲ್ಲ, ಕೆರೆದಂಡೆಯಲ್ಲಿ ಬಟ್ಟೆ ಒಗೆಯುವವರು. ಹಾಗಾದರೆ ಯಾರಿಗೂ ಏನೂ ಕೇಳಿಸದ ಜಾಗ ಇಡೀ ಊರಲ್ಲಿ ಎಲ್ಲಿದೆ? ಗಿರಿಜವ್ವನಿಗೆ ಮಿಂಚು ಹೊಡೆಯಿತು. ಗಿರಣಿ! ಮೋಟಾರು ತಿರುಗುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಯಾರೂ ತಲೆ ಎತ್ತರು. ತನ್ನ ಬುದ್ಧಿಗೆ ತಾನೇ ದೃಷ್ಟಿ ತೆಗೆದುಕೊಂಡಳು!

ಮುಂದಿನ ಬುಧವಾರ ವ್ಯವಸ್ಥೆ ಸಜ್ಜಾಯಿತು. ಚಂದ್ರಶೇಖರಪ್ಪ ಕಿವಿಗೆ ವಯರು ಸಿಕ್ಕಿಸಿ, ಕಾಯುವ ಜನಕ್ಕೆ ಬೆನ್ನು ತಿರುಗಿಸಿ, ಚೀಲಗಳ ಮರೆಯಲ್ಲಿ ಕೂತ. ಗಿರಿಜವ್ವ ಗಿರಣಿಯ ಕಟ್ಟೆಯ ಮೇಲೆ, ಆತನಿಗೆ ಎದುರಾಗಿ, ಕಾಳು ಸುರಿಯುತ್ತ ನಿಂತಳು. ಗಂಡನ ತುಟಿ ಆಕೆಗೊಬ್ಬಳಿಗೇ ಕಾಣಬೇಕು, ಹಾಗೆ. ಮೋಟಾರಿನ ಪಟ್ಟೆ ತಿರುಗಿತು, ಗಿರಣಿ ಗರಗರಗರ!

ಮೊದಲಿಗೆ ಆಕೆ ಓದಿದ ಮಾತು: "ಅದು ನನ್ನ ಎದಿ ಅಲ್ರೀ ಮೇಡಂ, ಗಿರಣಿ! ಎದಿ ಇದರಕಿಂತ ಜೋರೈತ್ರಿ!"

ಆಮೇಲೆ ಆತ ತಡವರಿಸಿದ. ಗಿರಿಜವ್ವನ ಜೀವ ಕುದಿಯಿತು. ಹೇಳಬೇಕಾದದ್ದು ಹೇಳದೆ ಮಳೆಬೆಳೆ ಮಾತಾಡುತ್ತಿದ್ದಾನಲ್ಲ! ಆಕೆ ಕಟ್ಟೆಯ ಮೇಲಿಂದ ತುಟಿಯಲ್ಲೇ ಒತ್ತಿ ಒತ್ತಿ ಹೇಳಿಕೊಟ್ಟಳು: "ಬಸ್ಸಿಂದು ಹೇಳ್ರಿ! ಮಂಚಿಕೇರಿ ತಿರುವಿಂದು ಹೇಳ್ರಿ! ಸತ್ತೆ ಅಂತ ಇಳಿದಿರಲ್ಲ, ಅದನ್ನ ಹೇಳ್ರಿ!" ಆತ ಹೇಳಿದ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಚೀಲದ ಜೋಳ ಮುಗಿದು ಗಿರಣಿ ಬರಿದೇ ಕಿರುಚತೊಡಗಿತು. ಬರಿ ಗಿರಣಿ ಓಡಿಸಿದರೆ ಕಲ್ಲು ಹಾಳು. ನಿಲ್ಲಿಸಲೇಬೇಕಾಯಿತು. ಚಂದ್ರಶೇಖರಪ್ಪ ಅರ್ಧ ಮಾತನ್ನು ನುಂಗಿ ಫೋನು ಬಚ್ಚಿಟ್ಟ. ಮುಖ ಸುಣ್ಣ. ಪುಣ್ಯಕ್ಕೆ ಗಿರಣಿಯಲ್ಲಿ ಎಲ್ಲರ ಮುಖವೂ ಸುಣ್ಣವೇ!

ಸಿದ್ದವ್ವ ಹಿಟ್ಟಿನ ಡಬ್ಬಿ ಎತ್ತಿಕೊಳ್ಳುತ್ತ ಕೇಳಿದಳು. "ಅಪ್ಪಾರು ಯಾರ ಜೋಡಿ ಮಾತಾಡಾಕತ್ತಿದ್ರು?"

"ಮೋಟಾರ್ ಕಂಪನ್ಯಾರ ಜೋಡಿ."

"ಕಣ್ಣಾಗ ನೀರ ಬಂದಿತ್ತಲ್ಲ?"

"ಮೋಟಾರಿನ ರೇಟ್ ಕೇಳಿದ್ರ ನಿನಗೂ ಬರ್ತೈತಿ!"

ಸಿದ್ದವ್ವ ಡಬ್ಬಿ ಹೊತ್ತು ಹೊರಟಳು. ಗಿರಿಜವ್ವ ಗೆದ್ದೆನೆಂದುಕೊಂಡಳು. ಆದರೆ ಚಿಂತೆ ಹತ್ತಿತು. ಮಾತು ಮುಗಿಯುವವರೆಗೆ ಗಿರಣಿ ನಿಲ್ಲಬಾರದು. ಗಿರಣಿ ನಿಲ್ಲಬಾರದೆಂದರೆ ಕಾಳು ಬೇಕು. ಮುಂದಿನ ಬುಧವಾರಕ್ಕೆ ಮನೆಯ ಅಕ್ಕಿ, ಗೋಧಿ, ರಾಗಿ, ಕಡಲೆ ಎಲ್ಲ ಹೊತ್ತು ತಂದು ಪೇರಿಸಿಟ್ಟಳು. ಬೇಕಾಗಲೇ ಇಲ್ಲ! ಅಂದು ಬೆಳಗ್ಗಿನಿಂದಲೇ ಬಾಗಿಲ ತನಕ ಚೀಲಗಳ ಸಾಲು. ಅದರ ಮುಂದಿನ ಬುಧವಾರ ಇನ್ನೂ ಉದ್ದದ ಸಾಲು! ಗಿರಣಿಗೆ ವರ್ಷಕ್ಕೆರಡು ಸಲ ಬರುವ ಶಂಭುಲಿಂಗ ಕೂಡ ಜೋಳದ ಚೀಲ ಹೊತ್ತು ನಿಂತಿದ್ದ. ಎಲ್ಲ ತನ್ನ ನಸೀಬು, ಬಸವಣ್ಣನ ದಯೆ ಎಂದು ಗಿರಿಜವ್ವ ಗಲ್ಲ ಬಡಿದುಕೊಂಡಳು.

ಮಾತು ನಾಟುತ್ತಿತ್ತು. ಮೇಡಂ ಉಸಿರು ಎಣಿಸಲು ಕಲಿಸಿದರು: ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ. ಆಮೇಲೆ ನಿಂತ ಬಸ್ಸಿನಲ್ಲಿ ಕೂತು ರೂಢಿ ಮಾಡಿಕೊಳ್ಳಿ ಅಂದರು. ರಾತ್ರಿ ಊರಲ್ಲೇ ವಸ್ತಿ ಉಳಿಯುವ ಬಸ್ಸಿನೊಳಗೆ ಚಂದ್ರಶೇಖರಪ್ಪ ಬೆಳಬೆಳಗ್ಗೆ ಹೋಗಿ ಕೂತು, ಬಾಗಿಲು ಎಳೆದುಕೊಂಡು ಎಣಿಸಿದ. ಮೊದಲ ದಿನ ಹಾರಿ ಹೊರಗೆ ಬಿದ್ದ. ನಾಲ್ಕಾರು ದಿನಕ್ಕೆ ಕಂಡಕ್ಟರ್ ಚಹಾ ಮುಗಿಸಿ ಬರುವವರೆಗೂ ತಡೆದ! ಆದರೆ ಮೇಡಂ ಹೇಳಿದ ಒಂದು ಮಾತು ಮಾತ್ರ ಆತ ಒಪ್ಪಲಿಲ್ಲ. ಹೆಂಡತಿಯಲ್ಲದೆ ನಂಬಿಕೆಯ ಇನ್ನೊಬ್ಬರಿಗೆ ವಿಷಯ ತಿಳಿಸಿ, ಭಾರ ಇಳಿಯುತ್ತದೆ ಅಂದಿದ್ದರು. "ಇಳ್ಯೂದು ಭಾರಲ್ರೀ ಮೇಡಂ, ಮಾನ!" ಅಂದಿದ್ದ.

ತೊಟ್ಟಿಲ ಹಿಂದಿನ ದಿನ, ಕಡೆಯ ಬುಧವಾರ. ಲೈನ್‌ಮನ್ ಮಂಜನನ್ನು ಗಿರಿಜವ್ವ ಮೊದಲೇ ಕೇಳಿದ್ದಳು. "ಕರೆಂಟ್ ಹೋಗಂಗಿಲ್ಲ ಅಜ್ಜೀ, ನಾ ಇದ್ದೇನಲ್ಲ," ಅಂದಿದ್ದ. ಗಿರಣಿ ತುಂಬ ಜನ, ಬಾಗಿಲಾಚೆಯೂ ಜನ. ನಾಳೆಯ ಬಸ್ಸು ಚಂದ್ರಶೇಖರಪ್ಪನ ಎದೆಯ ಮೇಲೆ ಇಂದೇ ನಿಂತಿತ್ತು. ಮೇಡಂ ಏನು ಕೇಳಿದರೋ, ಆತ ಬಾಯಿ ತೆರೆದ, ಮುಚ್ಚಿದ. ಗಿರಿಜವ್ವ ಕಟ್ಟೆಯ ಮೇಲಿಂದ ತುಟಿ ಹಿಗ್ಗಿಸಿ, "ಹೇಳ್ರಿ! ಒಳಗಿಂದ ಪೂರಾ ಹೇಳಿಬಿಡ್ರಿ!" ಎಂದು ಒತ್ತಾಯಿಸಿದಳು. ತಲೆಯ ಮೇಲಿನ ಬಲ್ಬು ಒಮ್ಮೆ ಮಿಣುಕಿತು. ಗಿರಿಜವ್ವನ ಕೈ ನಿಂತಿತು. ಬಲ್ಬು ಮತ್ತೆ ಮಿಣುಕಿತು. ಚಂದ್ರಶೇಖರಪ್ಪ ಎದೆತುಂಬ ಗಾಳಿ ಎಳೆದುಕೊಂಡ. ಗಿರಣಿಯನ್ನು ಮೀರಿ ಕೂಗಲು ಬಾಯಿ ತೆರೆದ. ಕರೆಂಟು ಹೋಯಿತು!

"...ಹುಲಿ ಅಂತಾರ್‍ರೀ ನನಗ! ಬಸ್ಸಿನ ಬಾಗಲಾ ಹಾಕಿದ್ರ ಕಾಲ ನಡಗ್ತಾವ್ರೀ ಈ ಹುಲಿಗೆ! ಮೊಮ್ಮಗಳ ತೊಟ್ಟಲಾ ತೂಗಾಕ ಆಗಲಿಲ್ಲಂದ್ರ ನಾ ಯಾತಕ್ಕ ಬದುಕ್ಬೇಕ್ರೀ ಮೇಡಂ!"

ಪಟ್ಟೆ ಟಪ್ ಟಪ್ ಎಂದು ಎರಡು ಸುತ್ತು ಸುತ್ತಿ ನಿಂತಿತು. ಹಿಟ್ಟಿನ ಧೂಳು ಮೆಲ್ಲಗೆ ಇಳಿಯಿತು. ಚಂದ್ರಶೇಖರಪ್ಪ ತಿರುಗಿ ನೋಡಲಿಲ್ಲ. ಆತನ ಕೈ ಮಾತ್ರ ಗೋಡೆಯ ಮೊಳೆಗೆ ನೇತುಹಾಕಿದ್ದ ಕೀಲಿಯ ಕಡೆ ಹೋಯಿತು.

"ನಾಟಕ!" ಎಂದು ಕಟ್ಟೆಯಿಂದ ಹಾರಿದಳು ಗಿರಿಜವ್ವ. "ನಾಟಕದ ಮಾತು! ಅವರು ಪಾರ್ಟ್ ಮಾಡಾಕತ್ತಾರ!"

"ಯಾವ ನಾಟಕ?" ಅಂದಳು ಸಿದ್ದವ್ವ.

"ಹೆದರಿದ... ಹೆದರಿದ ಹುಲಿ!"

"ಸಾಕ್ ಬಿಡ ಗಿರಿಜಾ. ಆ ನಾಟಕ ನಾವು ಪ್ರತಿ ವಾರಾ ನೋಡಾಕತ್ತೇವಿ."

ಕೀಲಿಗೆ ಚಾಚಿದ ಕೈ ಅಲ್ಲೇ ನಿಂತಿತು. "ಏನಂದಿ?" ಅಂದ ಚಂದ್ರಶೇಖರಪ್ಪ, ಗೋಡೆಗೇ ಮುಖ ಮಾಡಿ.

"ಎಲ್ಲಾ ಗೊತ್ತೈತಿ ಯಪ್ಪಾ. ಬಸ್ಸು, ತಿರುವು, ನೀ ಇಳಿದದ್ದು, ಉಸರ ಎಣಸೂದು."

"ನಾನೂ ಎಣಸಾಕತ್ತೇನಿ ಕಾಕಾ," ಎಂದ ಹಿಂದಿನಿಂದ ಶಂಭುಲಿಂಗ. "ಭಾಳ ಚಲೋ ನಿದ್ದಿ ಬರ್ತೈತಿ."

"ಯಾರ ಹೇಳಿದ್ರು?" ಗಿರಿಜವ್ವನ ದನಿ ಏರಿತು. "ಇವರು ನಿಮಗ ಬೆನ್ನ ಹಚ್ಚಿ ಕುಂದರ್ತಿದ್ರು, ಇವರ ತುಟಿ ನಿಮಗ ಹೆಂಗ ಕಾಣ್ತಾವು?"

"ಅವರ ತುಟಿ ಯಾರ ನೋಡ್ಯಾರ?" ಅಂದಳು ಸಿದ್ದವ್ವ. "ನಿನ್ನ ತುಟಿ ಕಂಡ್ವು! ಕಟ್ಟಿ ಮ್ಯಾಲೆ ನಿಂತು ಬಸ್ಸಿಂದು ಹೇಳ್ರಿ, ತಿರುವಿಂದು ಹೇಳ್ರಿ ಅಂತ ನೀನೇ ಊರಿಗೆಲ್ಲಾ ಸಾರೀಯಲ್ಲ! ಈ ಗಿರಣ್ಯಾಗ ನಾವೇನು ನಿನ್ನಿ ಮೊನ್ನಿ ಬಂದು ನಿಂತೇವೇನ ಯವ್ವಾ? ತುಟಿ ಓದಾಕ ನಿನಗೊಬ್ಬಾಕಿಗೇ ಬರ್ತೈತೇನು?"

ಹಾಳುಬಾವಿಯ ಬಿಂದಿಗೆ ತುಂಬಿಕೊಂಡು ಮೇಲೆ ಬಂದಿತ್ತು! ಗಿರಿಜವ್ವ ಅಲ್ಲೇ ಚೀಲದ ಮೇಲೆ ಕುಸಿದಳು.

ಚಂದ್ರಶೇಖರಪ್ಪ ಮೆಲ್ಲಗೆ ತಿರುಗಿದ. "ಅವತ್ತಿಂದ ಎಲ್ಲಾರಿಗೂ ಗೊತ್ತಿತ್ತು?"

"ಎಲ್ಲಾರಿಗೂ. ಅವತ್ತ ಕಾಳ ತೀರಿ ಗಿರಣಿ ನಿಂತಾಗ ನಿನ್ನ ಮುಖಾ ನೋಡಾಕ ಆಗಲಿಲ್ಲೋ ಯಪ್ಪಾ. ಅದಕ್ಕ ಬುಧವಾರ ಯಾರೂ ಖಾಲಿ ಕೈಲೆ ಬರಬ್ಯಾಡ್ರಿ, ಅಪ್ಪಾರ ಮಾತ ಮುಗ್ಯೂತನಾ ಗಿರಣಿ ನಿಲ್ಲಬಾರದು ಅಂತ ಮಾತಾಡಿಕೊಂಡ್ವಿ."

ಕಾಳಿನ ಸಾಲು ತನ್ನ ನಸೀಬಲ್ಲ ಎಂದು ಗಿರಿಜವ್ವನಿಗೆ ಆಗ ತಿಳಿಯಿತು.

"ಮತ್ತ... ಯಾರೂ ನಗಲಿಲ್ಲ ಯಾಕ?" ಅಂದ ಚಂದ್ರಶೇಖರಪ್ಪ.

"ನಗಾಕ ಬಾಯಿ ಎಲ್ಲಿ ಖಾಲಿ ಐತೋ! ಮುಂಜಾನೆ ರೊಟ್ಟಿ, ಸಂಜಿಗೆ ರೊಟ್ಟಿ, ನಡುವ ಹಿಟ್ಟಿನುಂಡಿ! ಹಿಟ್ಟು ಇಡಾಕ ಮನ್ಯಾಗ ಡಬ್ಬಿ ಉಳಿದಿಲ್ಲ. ಜಲ್ದಿ ಅರಾಮಾಗೋ ಯಪ್ಪಾ, ನಮ್ಮ ಹೊಟ್ಟೀನರ ಉಳೀಲಿ!"

ಆಗ ಯಾರೋ ಒಬ್ಬರು ನಕ್ಕರು. ಅದು ಚಂದ್ರಶೇಖರಪ್ಪನೇ! ಕುತ್ತಿಗೆಯಿಂದ ಜೋತುಬಿದ್ದ ವಯರಿನಿಂದ ಸಣ್ಣ ದನಿ ಬಂತು. "ಹಲೋ? ಎಂತ ಆಯ್ತು? ಅಲ್ಲಿ ಯಾರಾದ್ರೂ ಇದ್ದಾರಾ?"

"ಇದ್ದಾರ್‍ರೀ ಮೇಡಂ," ಅಂದ ಆತ ಕಣ್ಣೊರೆಸಿಕೊಳ್ಳುತ್ತ. "ನೀವು ಒಬ್ಬರಿಗೆ ಹೇಳ್ರಿ ಅಂದಿದ್ರಿ. ಊರಿಗೆ ಊರೇ ಐತ್ರಿ."

ಗುರುವಾರ ಬೆಳಗಿನ ಬಸ್ಸು. ಸಿರಸಿಯಲ್ಲಿ ಇಳಿದು ಯಲ್ಲಾಪುರದ್ದು ಹತ್ತಿದರು. ಬಾಗಿಲು ಧಡ್ ಎಂದಿತು. ಚೀಲದೊಳಗೆ ಹರಕೆಯ ಗಂಟೆ ಕಿಣಿ ಅಂದಿತು. ಗಿರಿಜವ್ವ ಕಣ್ಣು ಮುಚ್ಚಿದಳು. ಮಂಚಿಕೇರಿಗೆ ಮೊದಲಿನ ತಿರುವು ಹತ್ತಿರವಾದಂತೆ ಗಂಟೆ ಕಿಣಿಕಿಣಿ, ಕಿಣಿಕಿಣಿಕಿಣಿ! ಮುಂದಿನ ಸೀಟಿನವರು ತಿರುಗಿ ನೋಡಿದರು. ಚಂದ್ರಶೇಖರಪ್ಪನ ಕೈ ಬಾಗಿಲ ಕಡೆಗೆ ಏಳತೊಡಗಿತು.

"ಇಳೀತೀರೇನು?" ಅಂದಳು ಗಿರಿಜವ್ವ. ಈ ಸಲ ತುಟಿಯಲ್ಲಲ್ಲ, ದನಿ ತೆಗೆದೇ.

ಆತ ನಾಲ್ಕೆಣಿಸಿ ಎಳೆದ, ಆರೆಣಿಸಿ ಬಿಟ್ಟ. ಮತ್ತೆ ಎಳೆದ. ಆಮೇಲೆ ಮುಂದಿನ ಸೀಟಿನವರಿಗೆ ಜೋರಾಗಿಯೇ ಹೇಳಿದ. "ಏನಿಲ್ರೀ. ನನಗ ಬಸ್ಸಂದ್ರ ಸ್ವಲ್ಪ ಹೆದರಿಕಿ. ತಿರುವು ದಾಟಿದ್ರ ಹೋಗ್ತೈತಿ."

"ಹೌದ? ನಂಗೆ ವಾಂತಿ ಬರ್ತು ಮಾರಾಯ್ರೆ, ಒಂದು ಲಿಂಬೆಹಣ್ಣು ತಗಳಿ," ಎಂದು ಅವರು ಕಿಸೆಗೆ ಕೈ ಹಾಕಿದರು. ಹಣ್ಣು ಕೈಗೆ ಬರುವಷ್ಟರಲ್ಲಿ ತಿರುವು ಹಿಂದೆ ಉಳಿದಿತ್ತು.

ಮಧ್ಯಾಹ್ನ ನಂದೊಳ್ಳಿಯಲ್ಲಿ ಅಜ್ಜನ ಕೈ ತೊಟ್ಟಿಲು ತೂಗಿತು. ಗಂಗಾಂಬಿಕಾ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಎದ್ದು, ತಾಯಿಯ ಕಡೆ ತಿರುಗಿದಳು.

"ಅವ್ವಾ, ಅಪ್ಪ ಇಷ್ಟು ದಿನಾ ಯಾಕ ಬರಲಿಲ್ಲ?"

ಗಿರಿಜವ್ವನ ತುಟಿ 'ಮೋ' ಎಂದು ದುಂಡಗಾಯಿತು. ಅಷ್ಟರಲ್ಲಿ ಚಂದ್ರಶೇಖರಪ್ಪನೇ ಅಂದ. "ಹೆದರಿದ್ದೆ ತಂಗಿ. ಬಸ್ಸಿಗೆ."

"ಗೊತ್ತೈತಿ ಬಿಡಪ್ಪಾ," ಅಂದಳು ಮಗಳು, ತೊಟ್ಟಿಲ ಹಗ್ಗವನ್ನು ತಂದೆಯ ಕೈಗೆ ಮತ್ತೆ ಕೊಡುತ್ತ. "ನಾ ಬೆಳೆದದ್ದೂ ಅದೇ ಗಿರಣ್ಯಾಗಲ್ಲ? ವಿಡಿಯೋ ಕಾಲ್ ಬಂದಾಗೆಲ್ಲಾ ಅವ್ವ ಬಾಜೂಕ ಕುಂತು, 'ಬಸ್ಸಿನ ಹೆದರಿಕಿ ಅನಬ್ಯಾಡ್ರಿ, ಮೋಟಾರ್ ಕೆಟ್ಟೈತಿ ಅನ್ರಿ' ಅಂತ ಹೇಳಿಕೊಡ್ತಿದ್ಲು. ನನಗ ಅಷ್ಟೂ ಕೇಳಸ್ತಿತ್ತು!"

ಗಿರಿಜವ್ವ ಸೆರಗನ್ನು ಮೂಗಿನ ಮೇಲಿನವರೆಗೆ ಎಳೆದುಕೊಂಡಳು. ಅದರ ಹಿಂದೆ ಏನೋ ಅಂದಳು ಕೂಡ. ಆಕೆಯ ಜೀವಮಾನದಲ್ಲಿ ಯಾರಿಗೂ ತಿಳಿಯದೆ ಉಳಿದ ಮಾತು ಅದೊಂದೇ.